ಒಂಬತ್ತನೇ ನಂಬರಿನ ಕಾಲು

ನಲವತ್ತೊಂದು ಕಿಲೋ, ಇನ್ನೂರು ಗ್ರಾಂ.
ಮಂಡಕ್ಕಿ ಚೀಲ ತೂಗುವ ಕಾಟಾದ ಮೇಲೆ
ನಿಂತಿದ್ದಾಳೆ ಶಾಹೀನಾ, ಉಸಿರು ಬಿಗಿಹಿಡಿದು,
ಉಸಿರಿಗೂ ತೂಕ ಇದ್ದೀತೆಂಬಂತೆ.
ಪಾದ ಮಾತ್ರ ತಟ್ಟೆಯಾಚೆ ಚಾಚಿವೆ.

ಹದಿನೈದು ವರ್ಷಕ್ಕೆ ಒಂಬತ್ತನೇ ನಂಬರು.
ಹೆಂಗಸರ ಸಾಲಿನಲ್ಲಿ ಸಿಗದೆ
ಮಂಡಿಪೇಟೆಯ ಅಂಗಡಿಯವ ಗಂಡಸರ ಬೂಟು ಇಳಿಸಿ
"ತಮ್ಮನಿಗಾ?" ಅಂದಿದ್ದ.
ಇವಳು ಅಲ್ಲೇ ಕೂತು ಲೇಸು ಕಟ್ಟಿದಳು, ಉತ್ತರ ಕೊಡಲಿಲ್ಲ.
ಅಜ್ಜಿಗೆ ಚಿಂತೆ:
"ಕಾಲು ಮೊದಲೇ ಬಂದುಬಿಟ್ಟಿದೆ,
ಹುಡುಗಿ ಇನ್ನೂ ದಾರಿಯಲ್ಲಿದ್ದಾಳೆ."

ಹೋದ ಜನವರಿ, ಎನ್‌ಸಿಸಿ ಕಡೆಯಿಂದ, ಗುಲ್ಮಾರ್ಗ್.
ಹದಿನಾಲ್ಕು ದಿನ ಹಿಮದಲ್ಲಿ ಬಿದ್ದು ಬಿದ್ದು
ಹದಿನೈದನೆಯ ದಿನ ಒಂದೇ ಒಂದು ಗೆರೆ ಎಳೆದಳಂತೆ.
ಜಾರಿದ್ದಲ್ಲ ಅಬ್ಬಾ, ಕೊರೆದದ್ದು.
ಹಲಗೆ ಅಂಚಿನ ಮೇಲೆ ನಿಂತು ಹಿಮ ಸೀಳಿ
ತಿರುಗಿ ನೋಡಿದರೆ ದಾರದಷ್ಟು ಸಣ್ಣ ಗೀರು.
ಹೇಳುವಾಗ ಅವಳ ಕೈ
ಗಾಳಿಯಲ್ಲಿ ಓರೆಯಾಗಿ ಹೋಗುತ್ತದೆ.
ದಾವಣಗೆರೆಯಲ್ಲಿ ಕೊರೆಯುವುದು ಚಳಿ, ಅದೂ ಹತ್ತು ದಿನ.
ಬಟ್ಟಿಯ ಮುಂದೆ ಬೆಳೆದವನಿಗೆ ಅದೂ ಇಲ್ಲ.

ಈಗ ಅಲ್ಲಿಯ ಬಾಡಿಗೆ ಅಂಗಡಿಯ ಬಶೀರ್
ಫೋನಿನಲ್ಲಿ ಮೂರು ಹಲಗೆ ಕಳಿಸಿದ್ದಾನೆ,
ಮೂರೂ ಯಾರೋ ಬಳಸಿ ಬಿಟ್ಟವು.
ಒಂದು ಉದ್ದ, ಬಿಗಿ. ಎಂಬತ್ತು ಕಿಲೋದ ಆಳು ತುಳಿದರೆ ಬಾಗುವಂಥದು,
ಇವಳು ಹತ್ತಿದರೆ ಅದಕ್ಕೆ ಸುದ್ದಿಯೇ ಮುಟ್ಟದು.
ಬಾಗದ್ದು ತಿರುಗುವುದಿಲ್ಲ ಅಂದ ಬಶೀರ್.
ಗೊತ್ತು, ನಮ್ಮ ಮನೆಯಲ್ಲೂ ಅಂಥವರಿದ್ದರು.
ಇನ್ನೊಂದು ಹಗುರ, ಅವಳ ತೂಕಕ್ಕೆ ಹೇಳಿ ಮಾಡಿಸಿದ್ದು,
ಬೆಲೆಯೂ ಕಡಿಮೆ. ನಾನು ಅದಕ್ಕೇ ಕೈ ಹಾಕಿದ್ದೆ.

"ಸೊಂಟ ಸಣ್ಣ," ಅಂದಳು.
ಹಲಗೆಗೂ ಸೊಂಟ ಇರುತ್ತದೆ.

ನೋಡೇಬಿಡೋಣ ಎಂದು
ಬಟ್ಟಿಯ ನೆಲಕ್ಕೆ ಅರ್ಧ ಚೀಲ ಮಂಡಕ್ಕಿ ಸುರಿದೆ,
ಬೆಳ್ಳಗೆ, ಹಗುರ, ಇನ್ನೂ ಬೆಚ್ಚಗಿತ್ತು.
ಸೆಂಟ್ರಿಂಗ್ ಹಲಗೆಯೊಂದನ್ನು ಆ ಸೊಂಟದ ಅಳತೆಗೆ ಕೊಯ್ದು
ಬೂಟು ಹಾಕಿಸಿ ನಿಲ್ಲಿಸಿದೆ.
ಗೋಡೆ ಹಿಡಿದು ಮುಂದಕ್ಕೆ ವಾಲಿದಳು,
ಇನ್ನಷ್ಟು, ಇನ್ನೂ ಇಷ್ಟು,
ಅಂಚು ಕಚ್ಚುವ ಮೊದಲೇ ಬೂಟಿನ ಮೂತಿ
ನೇಗಿಲಿನಂತೆ ಉತ್ತಿತು. ಹಲಗೆ ಕಾಲಡಿಯಿಂದ ತಪ್ಪಿತು.
ಮಂಡಕ್ಕಿಯಲ್ಲಿ ಕೂತು ನಕ್ಕಳು:
"ಅಲ್ಲೂ ಹೀಗೇ ಅಬ್ಬಾ. ಅಲ್ಲಿ ನೋವಾಗುತ್ತೆ, ಅಷ್ಟೇ."

ಪಾದ ಓರೆ ಇಡು ಅಂದೆ,
ನಮ್ಮ ಓಣಿಯಲ್ಲಿ ಎದುರಿಗೆ ಚೀಲದ ಗಾಡಿ ಬಂದರೆ
ಗೋಡೆಗೊತ್ತಿ ನಿಲ್ಲುತ್ತೇವಲ್ಲ, ಹಾಗೆ.
ಇಟ್ಟಳು. ಒಂದು ಬೆರಳಿನಷ್ಟು ಒಳಗೆ ಬಂತು.
ಉಳಿದದ್ದು ಬರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು.
ಹೇಳಿದ್ದೆ, ನಾನೇ, ಎಷ್ಟು ಸಲ,
ಸೈಕಲ್ ಕೇಳಿದಾಗ, ಟ್ಯೂಷನ್ ಕೇಳಿದಾಗ.
ಈ ಸಲ ಗಾದೆ ಬಾಯಿತನಕ ಬಂದು ನಿಂತಿತು.
ಕಾಲು ಆಗಲೇ ಚಾಚಿಯಾಗಿದೆ.
ಈಗ ಮಾತೆಲ್ಲ ಹಾಸಿಗೆಯದು.

ಮೂರನೆಯದು ಗಿಡ್ಡ, ಅಗಲ, ನಡುವಿನಲ್ಲಿ ಮೆತ್ತಗೆ,
ಲಟ್ಟಿಸುವ ಮಣೆಗೆ ಬಾಲ ಬಂದಂತೆ.
ಬಣ್ಣ ಕಿತ್ತಿದೆ, ಮೂಲೆಯಲ್ಲಿ ಯಾರದೋ ಹೆಸರು ಗೀಚಿದೆ.
"ಅಗಲ ಅಂದರೆ ಅಂಚಿನಿಂದ ಅಂಚಿಗೆ ತಡವಾಗಿ ಹೊರಳುತ್ತೆ,
ಹುಡುಗಿ ಬೇರೆ ಹಗುರ, ತಾಳ್ಮೆ ಬೇಕು," ಅಂದ ಬಶೀರ್.
ಇದೆಯಾ ಎಂದು ಅವಳತ್ತ ನೋಡಿದೆ.
ಬೂಟು ಬೋರಲು ಮಾಡಿ ಕೊಡವುತ್ತಿದ್ದಳು, ಒಂದೊಂದೇ ಕಾಳು.
ಒಂಬತ್ತು ಸಾವಿರ ಅಂದವನು ಏಳಕ್ಕೆ ಇಳಿದ.

"ಮುಂದಿನ ವರ್ಷ ಕಾಲು ಹತ್ತಾದರೆ?"
"ಆಗ ತೂಕವೂ ಬಂದಿರುತ್ತೆ," ಅಂದಳು,
ಆರೂವರೆ ಬಸ್ಸು ಬರುತ್ತೆ ಅನ್ನುವ ಹಾಗೆ.

ತುಳಿದ ಮಂಡಕ್ಕಿ ಮಾರಬಾರದು.
ಸಂಜೆ ಓಣಿಯ ಆಡುಗಳಿಗೆ ಹಾಕಿದೆವು.
ಲೆಕ್ಕದ ಪುಸ್ತಕದಲ್ಲಿ, ಖರ್ಚಿನ ಕಡೆ,
ಉಪ್ಪು, ಹೊಟ್ಟು, ಹಮಾಲಿಯ ಕೆಳಗೆ ಬರೆದೆ:
ಹಿಮ, ಅರ್ಧ ಚೀಲ.