ಹದಿನಾರು ಮೊಳ

ಕೈರೋದ ರೋಡಾ ದ್ವೀಪದ ತುದಿಯಲ್ಲಿ
ನೆಲದೊಳಕ್ಕೆ ಇಳಿದ ಒಂದು ಕಲ್ಲುಬಾವಿ.
ನಡುವೆ ಎಂಟು ಮುಖದ ಕಂಬ, ಮೈತುಂಬ ಗೀಟು.
ಟಿಕೆಟು ಹರಿದುಕೊಟ್ಟು ಶಾಜ್ಲಿ ಹೇಳಿದ:
ಮೆಟ್ಟಿಲು ಈಗ ಜಾರುವುದಿಲ್ಲ ಮೇಷ್ಟ್ರೇ,
ಆದರೂ ಹುಷಾರು.

ಒಂದು ಕಾಲಕ್ಕೆ ನೈಲ್ ಮೂರು ಸುರಂಗ ಹಾದು
ಒಳಗೆ ಬಂದು, ಈ ಕಂಬದ ಮುಂದೆ ನಿಂತು
ಲೆಕ್ಕ ಒಪ್ಪಿಸುತ್ತಿತ್ತು.
ಹನ್ನೆರಡು ಮೊಳವೆಂದರೆ ಹಸಿವು.
ಹದಿನಾರಾದರೆ ಊರಲ್ಲಿ ಡಂಗುರ,
ಅಳೆಯುವವನಿಗೆ ಹೊಸ ನಿಲುವಂಗಿ,
ಸುಲ್ತಾನನಿಗೆ ಪೂರ್ತಿ ಕಂದಾಯ.
ಹತ್ತೊಂಬತ್ತಕ್ಕೆ ಕೊಚ್ಚಿಹೋದ ಮಣ್ಣುಗೋಡೆಗಳನ್ನು
ಯಾರೂ ಮೊಳ ಹಾಕಲಿಲ್ಲ.

ಒಂದು ವರ್ಷ (ಶಾಜ್ಲಿ ದನಿ ತಗ್ಗಿಸಿದ)
ನೀರು ಹದಿನೈದಕ್ಕೇ ನಿಂತುಬಿಟ್ಟಿತು.
ಅಳೆಯುವವನು ಮೂರು ರಾತ್ರಿ ಇದೇ ಮೆಟ್ಟಿಲ ಮೇಲೆ ಕೂತ.
ನಾಲ್ಕನೆಯ ಬೆಳಿಗ್ಗೆ ಹದಿನಾರೆಂದು ಕೂಗಿಸಿದ.
ಹೊಲ ಬಿರಿಯಿತು. ಕಂದಾಯ ದಡ ಮೀರಿ ಹರಿಯಿತು.
ನನಗಿಂತ ಮುಂಚೆ ಇದ್ದ ಕಾವಲುಗಾರ ಹೇಳಿದ್ದು, ಮೇಷ್ಟ್ರೇ.
ಸುಳ್ಳೂ ಇರಬಹುದು.

ಈಗ ನೈಲ್ ಸಂಬಳದ ನೌಕರ.
ದೂರ ತೆಂಕಣದ ಅಣೆಕಟ್ಟಿನಲ್ಲಿ ಯಾರೋ ಗುಂಡಿ ಒತ್ತಿದಷ್ಟೇ
ಬರುತ್ತದೆ, ತಲೆ ತಗ್ಗಿಸಿ ಹೋಗುತ್ತದೆ.
ಅದಕ್ಕೂ ಮೇಲೆ ಇಥಿಯೋಪಿಯಾದವರು ಇನ್ನೊಂದು ಕಟ್ಟಿದ್ದಾರೆ.
ಟಿವಿಯಲ್ಲಿ ಮಂತ್ರಿಗಳು ಅಳೆದೂ ಸುರಿದೂ ಮಾತಾಡುತ್ತಾರೆ.
ಅವರ ಮನೆಗೂ ದೀಪ ಬೇಡವೇ ಎಂದು
ಚಹಾದಂಗಡಿಯಲ್ಲಿ ಒಮ್ಮೆ ಬಾಯಿಬಿಟ್ಟೆ.
ಅವತ್ತು ನನ್ನ ಲೋಟ ತಡವಾಗಿ ಬಂತು.

ಆಮೇಲೆ, ನಾನು ಕೇಳದಿದ್ದರೂ, ಅವನ ಊರು.
ಅಜ್ಜಿಯ ಹೆಸರು ನಬ್ರಾ. ನೂಬಿಯಾದ ಮಾತಿನಲ್ಲಿ ಅಪರಂಜಿ.
ಊರು ಖಾಲಿಮಾಡಿ ದೋಣಿ ಹತ್ತುವ ದಿನ
ಗೋರಿಗಳಿಗೆಲ್ಲ ನೀರು ಚಿಮುಕಿಸಿ ಬಂದಳಂತೆ,
ಪಾಪ, ಬಾಯಾರೀತೆಂದು.
ಹತ್ತು ವರ್ಷ ತುಂಬುವುದರೊಳಗೆ
ಆ ಗೋರಿಗಳ ಮೇಲೆ ನೂರು ಮೊಳ ನೀರು.
ಮನೆಯ ಮುಂಗೋಡೆಗೆ ಹುದುಗಿಸಿದ್ದ ಪಿಂಗಾಣಿ ತಟ್ಟೆಯನ್ನು
ಚಾಕುವಿನಿಂದ ಎಬ್ಬಿ, ಸೆರಗಿನಲ್ಲಿ ಸುತ್ತಿ ತಂದಿದ್ದಳು.
ಹೊಸ ಊರಲ್ಲಿ ಅದಕ್ಕೆ ಗೋಡೆ ಒಪ್ಪಲಿಲ್ಲ. ಸಿಮೆಂಟು.
ಈಗ ಅದು ಶಾಜ್ಲಿಯ ಮೇಜಿನ ಮೇಲಿದೆ,
ಒಂದಂಚು ಮುಕ್ಕಾಗಿ,
ಚಿಲ್ಲರೆ ಹಾಕಲು.

ನಾನು ತಳದವರೆಗೂ ಇಳಿದೆ.
ಧೂಳು, ಪಾರಿವಾಳದ ಪುಕ್ಕ, ಯಾವುದೋ ಮಗುವಿನ ಒಂಟಿ ಚಪ್ಪಲಿ.
ಮುಚ್ಚಿದ ಸುರಂಗಕ್ಕೆ ಕಿವಿಯಿಟ್ಟೆ. ಆಚೆ ನದಿ
ಇತ್ತೋ, ನನ್ನದೇ ನೆತ್ತರ ಸದ್ದೋ.

ಮೇಲಿನಿಂದ ಶಾಜ್ಲಿ ಕೂಗಿದ: ಎಷ್ಟಿದೆ?
ಏನೂ ಇಲ್ಲ ಎಂದೆ.
ಬಾವಿ ಅದನ್ನೇ ಎರಡು ಸಲ ಹೇಳಿತು.
ಸರಿ ಹಾಗಾದರೆ, ಅವನು ನಗುತ್ತಿದ್ದ,
ಹದಿನಾರು ಅಂತ ಬರಕೊಳ್ಳಲಾ?