ಎರಡು ಸಂಪಾಜೆ

ಸುಬೇದಾರ್ ಮಂದಣ್ಣ ಬಂದದ್ದು ಸೋಮವಾರ,
ಹಿಂದೆ ಮೂವರು ಹುಡುಗರು, ಕಂಕುಳಲ್ಲಿ ಸುತ್ತಿದ ಹಾಳೆ.
"ಹೊನ್ನಕ್ಕ, ಕೋಟೆಯೊಳಗಿನ ಸರ್ವೆ ಆಫೀಸಿನಲ್ಲಿ
ಮೂವತ್ತೊಂದು ವರ್ಷ ನಕ್ಷೆ ತೆಗೆದ ಕೈ ನಿಮ್ಮದು.
ನಮಗೊಂದು ನಕ್ಷೆ ಬೇಕು.
ಈಗಿನದಲ್ಲ. ಇದ್ದದ್ದು."

ಇದ್ದದ್ದು ಅಂದರೆ ಯಾವಾಗ?
ಒಬ್ಬ ಬೆರಳಿಟ್ಟ: ಇದು ಸುಳ್ಯ, ಇದು ಪಂಜ,
ಕಂಪನಿಯವರು ಕಿತ್ತು ಕೆನರಾಕ್ಕೆ ಅಂಟಿಸಿದ್ದು.
ಇನ್ನೊಬ್ಬನಿಗೆ ಪಿರಿಯಾಪಟ್ಟಣವೂ ಬೇಕು.
ಮೂರನೆಯವನ ಬೆರಳು ವಯನಾಡಿನ ತನಕ ಹೋಗಿ
ಸುಬೇದಾರರ ಮುಖ ನೋಡಿ ಹಿಂದೆ ಬಂತು.
"ಕಳೆದುಹೋದದ್ದಕ್ಕೆಲ್ಲ ಕೆಂಪು ಹಾಕಿ."

ಬೆಲ್ಲದ ಕಾಫಿ ಕೊಟ್ಟೆ.
ಕೆಂಪು ಹಾಕಬೇಕಾದ ಜಾಗದಲ್ಲಿ
ನನ್ನವ್ವನ ತವರಿದೆ, ಹೇಳಲಿಲ್ಲ.
ಸಂಪಾಜೆ ಎರಡು: ಕೊಡಗಿನದೊಂದು, ಆಚೆಯದೊಂದು.
ಎರಡು ಪಂಚಾಯಿತಿ, ಎರಡು ಬೋರ್ಡು, ಹೆಸರು ಒಂದೇ.
ಅವ್ವ ಮಡಿಲಲ್ಲಿ ಹುಂಜ ಇಟ್ಟುಕೊಂಡು
ಗೇಟು ದಾಟುತ್ತಿದ್ದಳು ಬಸ್ಸಿನಲ್ಲಿ;
ಹುಂಜಕ್ಕೂ ಟಿಕೇಟು ಕೇಳಿದ ಕಂಡಕ್ಟರನ ಮೇಲೆ
ಸಾಯುವತನಕ ಸಿಟ್ಟಿತ್ತು ಅವಳಿಗೆ.
ತಾನು ಕಳೆದುಹೋದ ಸೀಮೆಯವಳೆಂದು
ಯಾರೂ ಅವಳಿಗೆ ಹೇಳಿರಲಿಲ್ಲ.

ಸುಬೇದಾರರು ಎಲೆಡಿಕೆ ಡಬ್ಬಿ ತೆಗೆದರು.
ಒಳಗೆ ಎಲೆಯಿಲ್ಲ, ಒಂದು ಮೊಹರು.
ಅವರಪ್ಪ ಐವತ್ತಾರರ ತನಕ
ಇಪ್ಪತ್ತನಾಲ್ಕು ಕುರ್ಚಿಯ ವಿಧಾನಸಭೆಗೆ ದಫೇದಾರ.
ರಾಜ್ಯ ಮುಗಿದ ಸಂಜೆ ದೀಪ ಆರಿಸಿ ಬೀಗ ಹಾಕಿ
ಇದೊಂದನ್ನು ಜೇಬಿಗಿಳಿಸಿಕೊಂಡು ಬಂದರಂತೆ.
"ಯಾರೂ ಕೇಳಲಿಲ್ಲ," ಅಂದರು ಸುಬೇದಾರರು,
"ಮೊಹರು ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ."
ನಗಬೇಕೆಂದಿದ್ದೆ. ನಗು ಬರಲಿಲ್ಲ.
ಒಂದು ರಾಜ್ಯ ಸುಣ್ಣದ ಕರಡಿಗೆಯಷ್ಟಿತ್ತು,
ಅಕ್ಷರಗಳು ತಿರುಗುಮುರುಗು.

ಬಾಂದು ಕಲ್ಲುಗಳ ಕಥೆ ನನಗೆ ಗೊತ್ತು.
ಕಾಡುಹಂದಿ ಕೆಡವಿದ್ದು, ಅಣ್ಣತಮ್ಮಂದಿರು ಸರಿಸಿದ್ದು,
ಬಟ್ಟೆ ಒಗೆಯಲು ಹೊತ್ತೊಯ್ದದ್ದು.
ಸರಪಳಿ ಎಳೆಯುತ್ತಿದ್ದ ಎರವರ ಬೊಳಕ
ಒಮ್ಮೆ ಜಿಗಣೆ ಕೀಳುತ್ತ ಕೇಳಿದ್ದ:
"ನನ್ನ ಮುತ್ತಜ್ಜನನ್ನು ಗದ್ದೆಯ ಜೊತೆ ಮಾರಿದ್ದಂತೆ ಅಮ್ಮಾ.
ಆಗ ಗದ್ದೆ ಯಾವ ರಾಜನದು?"
ಟಿಪ್ಪಣಿ ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.
ಇಪ್ಪತ್ತು ಗುಂಟೆ, ನೀರಾವರಿ, ಎಂದು ಬರೆದೆ.

ಹುಡುಗರು ಹಾಳೆ ಬಿಡಿಸಿ ನಾಲ್ಕು ಮೂಲೆಗೆ
ನಾಲ್ಕು ಕಾಫಿ ಲೋಟ ಇಟ್ಟರು.
ಗಡಿಯ ಗೆರೆ ನದಿಯ ನಡುವೆ ಎಳೆಯಬೇಕು, ಅದು ರೂಢಿ.
ಹದಿನೆಂಟರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ
ಮರ, ಮನೆ, ಮಲಗಿದವರ ಸಮೇತ ಇಳಿದು
ಪಯಸ್ವಿನಿಗೆ ಬಿದ್ದದ್ದು ಈ ನಕ್ಷೆಯಲ್ಲಿ ಎಲ್ಲಿ ತೋರಿಸಲಿ?
ನಾನೇ ಗೆರೆ ಎಳೆದಿದ್ದ ಸರ್ವೆ ನಂಬರು
ಕೆಂಪು ನೀರಾಗಿ ಸುಳ್ಯ ದಾಟಿತು,
ಕಾಸರಗೋಡಿನಲ್ಲಿ ಕಡಲು ಸೇರಿತು.
ಯಾರೂ ಕೊಟ್ಟದ್ದಲ್ಲ, ಯಾರೂ ಕಿತ್ತದ್ದಲ್ಲ.
ಆ ಮಣ್ಣನ್ನು ಯಾರ ಮೇಲೆ ದಾವೆ ಹೂಡಿ ತರಿಸುತ್ತೀರಿ?

ಇದನ್ನು ಜೋರಾಗಿಯೇ ಕೇಳಿದೆ ಅನ್ನಿಸುತ್ತದೆ.
ಒಬ್ಬ ಹುಡುಗ ಫೋನು ನೋಡಿದ.
ಸುಬೇದಾರರು ಮಾತ್ರ ಮೊಹರನ್ನು ಅಂಗೈಗೆ ಒತ್ತಿ
ಎತ್ತಿ ನೋಡಿದರು.
ಮಸಿ ಯಾವತ್ತೋ ಒಣಗಿತ್ತು.
ಚರ್ಮದಲ್ಲಿ ಒಂದು ಕುಳಿ ಮೂಡಿ,
ಓದುವಷ್ಟರಲ್ಲಿ ತುಂಬಿಕೊಂಡಿತು.

ಹಿಂದೆ ರದ್ದಾದ ನಕ್ಷೆಯ ಟ್ರೇಸಿಂಗ್ ಬಟ್ಟೆಯನ್ನು
ಬಿಸಿನೀರಲ್ಲಿ ನೆನೆಸಿ, ಗಂಜಿ ಬಿಡಿಸಿ
ಮಗಳಿಗೆ ಅಂಗಿ ಹೊಲಿದಿದ್ದೆ. ಎಷ್ಟು ತಿಕ್ಕಿದರೂ
ಹೆಗಲ ಮೇಲೆ ಒಂದು ತಾಲೂಕಿನ ಅಂಚು ಉಳಿದಿತ್ತು.
ಅದನ್ನು ಹಾಕಿಕೊಂಡೇ ಅವಳು ನಡೆಯಲು ಕಲಿತಳು,
ಎರಡೂ ಸಂಪಾಜೆಗಳಲ್ಲಿ.

"ನಕ್ಷೆ ಯಾವಾಗ ಸಿಗ್ತದೆ?" ಬಾಗಿಲಲ್ಲಿ ಕೇಳಿದರು.
ಮೂವತ್ತೊಂದು ವರ್ಷ ಎಲ್ಲರಿಗೂ
ಹೇಳಿದ್ದನ್ನೇ ಹೇಳಿದೆ:
ಬರುವ ವಾರ ಬನ್ನಿ.