ಎರಡು ಮನೆಗೊಂದು ಚಿಮಣಿ

ಎಂಟು ಬಾಗಿಲು, ನಾಲ್ಕೇ ಚಿಮಣಿ.
ಉಣ್ಣೆ ಮಾರಿ ದುಡ್ಡು ಕಂಡ ಆಂಬ್ರೋಸ್ ಥರ್ಕೆಟಲ್
ಸಾಯುವ ಮುಂಚೆ, ಗ್ಲಾಸ್ಟರ್‌ಶೈರಿನ ಈ ಇಳಿಜಾರಿನಲ್ಲಿ,
ಊರ ಬಡ ಮುದುಕರಿಗೆಂದು ಕಟ್ಟಿಸಿದ ಸಾಲು.
ದಾನ ಮಾಡುವಾಗಲೂ ಕಲ್ಲು ಎಣಿಸಿದವನು:
ಬಡವರ ಹೊಗೆಗೆ ಬೇರೆ ಬೇರೆ ದಾರಿ ಯಾಕೆ?

ಕಮಾನಿನ ಮೇಲೆ ಅವನ ಹೆಸರು ಗೇಣುದ್ದ,
ಪಕ್ಕದಲ್ಲೊಂದು ಕಲ್ಲುಕುರಿ. ನಾನೂರು ಚಳಿಗಾಲಕ್ಕೆ
ಮುಖ ಸವೆದು, ಈಗ ನಾಯಿಯೋ ಮೋಡವೋ.
ಮಾಡಿಗೆ ಹೊದಿಸಿದ್ದೂ ಕಲ್ಲೇ: ಸೂರಿನಂಚಿಗೆ ದೊಡ್ಡ ಹಲಗೆ,
ಏರಿದಂತೆ ಚಿಕ್ಕವು, ನೆತ್ತಿಯಲ್ಲಿ ಅಂಗೈಯಗಲ;
ತೂಕವೆಲ್ಲ ಕೆಳಗಿನವರ ಮೇಲೆ.
ಬಾಗಿಲು ಗಿಡ್ಡ. ಯಾರೇ ಬರಲಿ, ತಲೆ ಬಾಗಬೇಕು.
ಬಿಸಿ ಹೊರಹೋಗದಿರಲಿ ಅಂತ, ಅಂದರು ಕೆಲವರು;
ಋಣ ಮರೆಯದಿರಲಿ ಅಂತ, ಇನ್ನು ಕೆಲವರು.
ಬಡಗಿ ಏನನ್ನೂ ಬರೆದಿಡಲಿಲ್ಲ.

ಬರೆದಿಟ್ಟದ್ದು ಕಟ್ಟಳೆ ಮಾತ್ರ:
ದಿನಕ್ಕೆರಡು ಪ್ರಾರ್ಥನೆ, ಕೊನೆಗೆ ಥರ್ಕೆಟಲನಿಗೊಂದು ವಂದನೆ.
ಬೂದು ನಿಲುವಂಗಿ, ತೋಳಿನ ಮೇಲೆ ತವರದ ಕುರಿ.
ಕುಡಿದರೆ ಒಂದು ವಾರದ ಕಾಸು ಕಡಿತ,
ಕೋಳಿ ಸಾಕಿದರೆ ಎರಡು ವಾರದ್ದು,
ಮದುವೆಯಾದರೆ ಗೇಟಿನಾಚೆ.
ಸಾವಿರದ ಆರುನೂರ ಎಂಬತ್ತೆಂಟರ ಲೆಕ್ಕದ ಪುಸ್ತಕದಲ್ಲಿ
‘ವಿಧವೆ ಪ್ರಿಸ್ಕಾ ಗೂಡೀವ್: ಕೋಳಿ.’
ಕೆಳಗೆ, ‘ಮತ್ತೆ ಕೋಳಿ.’
ಮುಂದಿನ ಪುಟದಲ್ಲೂ ಅವಳೇ.

ಈಗ ಆರನೇ ಮನೆಯಲ್ಲಿ ಹಿಲ್ಡ್ರೆಡ್ ಸ್ಕಟ್,
ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳು.
ಐದರಲ್ಲಿ ಲೋವೆಲ್ ಪಿಂಚ್‌ಬೆಕ್, ಪಿಯಾನೊಗಳಿಗೆ ಶ್ರುತಿ ಕೂಡಿಸುತ್ತಿದ್ದವನು.
ನಡುಗೋಡೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಅಗ್ಗಿಷ್ಟಿಕೆ,
ಬೆಂಕಿ ಕಂಡು ಐವತ್ತು ವರ್ಷ.
ಹೀಟರ್ ಬಂದರೂ ಚಿಮಣಿಗೆ ಹಳೇ ಚಾಳಿ:
ಇವಳು ಕೆಮ್ಮಿದರೆ ಅವನಿಗೆ ಕೇಳುತ್ತದೆ,
ಅವನ ಗೊಣಗಾಟ ಇವಳ ಚಹಾಕ್ಕೆ ಬಂದು ಬೀಳುತ್ತದೆ.
ಬೆಳಿಗ್ಗೆ ಏಳಕ್ಕೆ ಸಲಾಕೆಯಿಂದ ಇವಳದು ಮೂರು ಬಡಿತ,
ಅವನದು ಎರಡು.
ಇದ್ದೇನೆ ಅಂತ. ಬೇರೇನೂ ಇಲ್ಲ.

ಮಾರ್ಚ್‌ನಲ್ಲಿ ದತ್ತಿ ಸಮಿತಿಯವರು ಬಂದರು,
ಜೊತೆಗೆ ಹಳೆ ಕಟ್ಟಡಗಳನ್ನು ಬಲ್ಲ ಒಬ್ಬ ಹುಡುಗಿ.
ಟಾರ್ಚ್ ಹಿಡಿದು ಗೂಡಿನೊಳಗೆ ಕತ್ತು ಹಾಕಿದಳು.
ತೊಲೆ ಓಕ್ ಮರದ್ದು. ಗಾರೆಗೆ ಕುದುರೆ ಕೂದಲು ಬೆರೆಸಿದ್ದಾರೆ.
ಥಂಡಿ ಇಳಿಯುತ್ತಿದೆ, ಮುಚ್ಚಿಸಿಬಿಡೋಣ.
‘ಪೂರ್ತಿಯಾ?’ ಅಂದಳು ಹಿಲ್ಡ್ರೆಡ್.
ಪೂರ್ತಿ.
‘ಹಾಗಾದರೆ ಅವನು ಸತ್ತರೆ ನನಗೆ ಯಾರು ಹೇಳುತ್ತಾರೆ?’
ಸಮಿತಿಯವರು ತಂತಮ್ಮ ಬೂಟು ನೋಡಿಕೊಂಡರು.
ಗೋಡೆಯಾಚೆಯಿಂದ, ಹೊತ್ತಲ್ಲದ ಹೊತ್ತಿನಲ್ಲಿ, ಎರಡು ಬಡಿತ.

ಕಡತದಲ್ಲಿ ಬರೆದುಕೊಂಡದ್ದು: ಚಿಮಣಿ, ಮುಂದಿನ ಸಭೆಗೆ.
ಹುಡುಗಿಯ ಮೊಣಕೈವರೆಗೂ ಮಸಿ,
ಮಸಿಯಲ್ಲಿ ಅಂಟಿಕೊಂಡ ಒಂದು ಗರಿ.
ಪಾರಿವಾಳದ್ದು, ಅಂದಳು.
ಇರಬಹುದು.